“ನಮ್ಮ ನಾಯಿಗೊಂದು ಒಳ್ಳೆ ಮನೆ ಇದ್ರೆ ಹೇಳಿ” ಅನ್ನುವವರಿಗೆ

ನಾಯಿಗಳ ಸಹವಾಸ ಇರುವ ಎಲ್ಲರಿಗೂ ಈ ಮೆಸೇಜ್ ಬಂದೇ ಬರುತ್ತದೆ. ಮೊದಲು ಒಂದು ಮುದ್ದಾದ ಫೋಟೊ. ಹಿಂದೆಯೇ, “ನಮ್ಮ ನಾಯಿಗೊಂದು ಒಳ್ಳೆ ಮನೆ ಇದ್ರೆ ಹೇಳಿ, ಸ್ವಲ್ಪ ಅರ್ಜೆಂಟ್.” ಯಾಕೆ ಅಂತ ಕೇಳಿದರೆ ಫಾರಿನ್‌ಗೆ ಹೊರಟಿದ್ದೇವೆ, ಮನೆ ಬದಲಾಯಿಸುತ್ತಿದ್ದೇವೆ, ಮಗು ಆಗಲಿದೆ, ಅಪ್ಪನಿಗೆ ಹುಷಾರಿಲ್ಲ. ಬೆಂಗಳೂರಿನಲ್ಲಿ ಬೀದಿಯ ಮರಿಗಳಿಗೆ ಮನೆ ಹುಡುಕುವವರ ಜೊತೆ ನಾನೂ ಓಡಾಡುತ್ತೇನೆ. ಹಾಗಾಗಿ ನನ್ನ ಹತ್ತಿರ ಒಳ್ಳೆ ಮನೆಗಳ ಪಟ್ಟಿಯೊಂದು ಇದ್ದೇ ಇರುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಇಲ್ಲ. ಅಂಥ ಪಟ್ಟಿ ಯಾರ ಹತ್ತಿರವೂ ಇಲ್ಲ.

ನನ್ನ ಉತ್ತರ ಇಷ್ಟೇ: ಮನೆ ನೀವೇ ಹುಡುಕಬೇಕು. ಸಿಟ್ಟಿನಿಂದ ಹೇಳುತ್ತಿಲ್ಲ. ನಿಮ್ಮ ನಾಯಿ ಯಾವುದಕ್ಕೆ ಹೆದರುತ್ತದೆ, ರಾತ್ರಿ ಎಲ್ಲಿ ಮಲಗುತ್ತದೆ, ಯಾರನ್ನು ಕಂಡರೆ ಗುರ್ ಅನ್ನುತ್ತದೆ, ಇದೆಲ್ಲ ಗೊತ್ತಿರುವುದು ನಿಮಗೆ ಮಾತ್ರ. ನಾನು ಹುಡುಕಿದರೆ ಫೋಟೊ ನೋಡಿ ಹುಡುಕುತ್ತೇನೆ.

ಅದಕ್ಕೂ ಮೊದಲು, ಕೊಡಲೇಬೇಕಾ ಅಂತ ಒಮ್ಮೆ ನೋಡಿ. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಬೇಡ ಅಂದರು ಅಂತ ಕೊಡಬೇಕಾಗಿಲ್ಲ. ಬಹುಮತದ ನಿರ್ಣಯ ಮಾಡಿದರೂ ಸಾಕುನಾಯಿಯನ್ನು ನಿಷೇಧಿಸುವ ಹಾಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬಾಡಿಗೆ ಮನೆಯ ಓನರ್ ಜೊತೆಗಿನ ಕರಾರು ಬೇರೆ ವಿಷಯ, ಅದನ್ನು ಮನೆ ಹಿಡಿಯುವಾಗಲೇ ಮಾತಾಡಿಕೊಳ್ಳಬೇಕು. ನಾಯಿ ಕೂದಲು ಮಗುವಿನ ಹೊಟ್ಟೆಗೆ ಹೋಗುತ್ತೆ ಅನ್ನೋ ಅತ್ತೆ-ಅಜ್ಜಿಯರ ಭಯ ನಿಮ್ಮ ಮನೆಯಲ್ಲೂ ಇದ್ದರೆ, ಮಕ್ಕಳ ಡಾಕ್ಟರ್ ಹತ್ತಿರ ಅವರನ್ನೇ ಕರೆದುಕೊಂಡು ಹೋಗಿ ಕೇಳಿಸಿ. ಲಸಿಕೆ, ಜಂತುಹುಳದ ಔಷಧಿ ಸರಿಯಾಗಿ ಆಗಿದ್ದರೆ, ಮಗುವನ್ನೂ ನಾಯಿಯನ್ನೂ ಇಬ್ಬರನ್ನೇ ಬಿಟ್ಟು ಆಚೆ ಹೋಗದಿದ್ದರೆ, ಎಷ್ಟೋ ಮನೆಗಳಲ್ಲಿ ಇಬ್ಬರೂ ಒಟ್ಟಿಗೇ ಬೆಳೆಯುತ್ತಾರೆ. ದೆಹಲಿಗೋ ಪುಣೆಗೋ ವರ್ಗವಾಗಿದ್ದರೆ ರೈಲಿನ ಎ.ಸಿ. ಫಸ್ಟ್ ಕ್ಲಾಸ್‌ನಲ್ಲಿ ಪೂರ್ತಿ ಕೂಪೆ (ಇಬ್ಬರು ಮಲಗುವ ಪ್ರತ್ಯೇಕ ಕೋಣೆ) ಬುಕ್ ಮಾಡಿ ನಾಯಿಯನ್ನು ಜೊತೆಯಲ್ಲೇ ಕೂರಿಸಿಕೊಂಡು ಹೋಗಬಹುದು.

ವಿದೇಶದ ಮಾತು ಬಂದರೆ ನಾನೂ ಸ್ವಲ್ಪ ಮೆತ್ತಗಾಗುತ್ತೇನೆ, ಯಾಕೆಂದರೆ ಅದು ನಿಜಕ್ಕೂ ಕಷ್ಟ. ಜರ್ಮನಿಗೆ ಅಂತ ಇಟ್ಟುಕೊಳ್ಳಿ. ಮೊದಲು ಮೈಕ್ರೋಚಿಪ್, ಆಮೇಲೆ ರೇಬಿಸ್ ಲಸಿಕೆ, ಅದಾಗಿ ಕನಿಷ್ಠ 30 ದಿನಕ್ಕೆ ರಕ್ತ ಪರೀಕ್ಷೆ, ರಕ್ತ ಕೊಟ್ಟ ದಿನದಿಂದ 3 ತಿಂಗಳು ಕಾಯುವುದು. ಅಲ್ಲಿಗೇ ನಾಲ್ಕು ತಿಂಗಳು ಆಯಿತು. ಆಸ್ಟ್ರೇಲಿಯಾಕ್ಕೆ ಭಾರತದಿಂದ ನೇರವಾಗಿ ಕರೆದೊಯ್ಯುವ ಹಾಗೇ ಇಲ್ಲ. ಅಮೆರಿಕ 2024ರ ಆಗಸ್ಟ್‌ನಿಂದ ನಿಯಮ ಬಿಗಿ ಮಾಡಿದೆ. ಖರ್ಚಂತೂ ಕೇಳಬೇಡಿ. ಆದರೂ ಕರೆದುಕೊಂಡು ಹೋದವರಿದ್ದಾರೆ. ಆಗದವರನ್ನು ನಾನು ಬೈಯುವುದಿಲ್ಲ. ಬೈಯುವುದು, ಎಂದೋ ವೀಸಾ ಬಂದಿದ್ದರೂ ಟಿಕೆಟ್ ತೋರಿಸಿ “ಮುಂದಿನ ಶನಿವಾರ ಫ್ಲೈಟ್” ಅನ್ನುವವರನ್ನು.

ಸರಿ, ಕೊಡುವುದೇ ಅಂತಾಯಿತು. ಎಲ್ಲರ ಬಾಯಲ್ಲೂ ಮೊದಲು ಬರುವುದು ತೋಟದ ಮನೆ. “ನಮ್ಮ ಮಾವನ ತೋಟ ಇದೆ ಸಕಲೇಶಪುರದ ಹತ್ತಿರ, ಆರಾಮಾಗಿ ಓಡಾಡಿಕೊಂಡಿರುತ್ತೆ.” ಈ ಮಾತು ಕೇಳಿದರೆ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ತೋಟದ ನಾಯಿಗೆ ಕೆಲಸ ಇರುತ್ತದೆ: ಹಗಲು ಸರಪಳಿ, ರಾತ್ರಿ ಕಾವಲು. ಸೋಫಾ ಮೇಲೆ ಮಲಗಿ ಬೆಳೆದ ಲ್ಯಾಬ್ರಡಾರ್‌ಗೆ ಆ ಕೆಲಸ ಗೊತ್ತಿಲ್ಲ. ಮಲೆನಾಡಿನ ತೋಟಗಳಲ್ಲಿ, ಮೈಸೂರು-ಮಂಡ್ಯ ಕಡೆಯ ಕಬ್ಬಿನ ಗದ್ದೆ ಪಕ್ಕದ ಮನೆಗಳಲ್ಲಿ ಚಿರತೆಗೆ ನಾಯಿ ಸುಲಭದ ತುತ್ತು. ಊರ ನಾಯಿ ಚಿರತೆಯ ವಾಸನೆ ಸಿಕ್ಕ ಕೂಡಲೇ ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತದೆ. ಪೇಟೆ ನಾಯಿ ಯಾರೋ ಬಂದರು ಅಂತ ನೋಡಲು ಹೋಗುತ್ತದೆ. ಹಾವಿನ ಹತ್ತಿರವೂ ಹಾಗೇ, ಮೂಗು ಮುಂದೆ ಮಾಡಿಕೊಂಡು. ಇನ್ನು ಉಣ್ಣಿ. ಕಿವಿಯ ಮಡಿಕೆ, ಬೆರಳ ಸಂದುಗಳಲ್ಲಿ ಕಚ್ಚಿಕೊಂಡು ಹುಣಸೆ ಬೀಜದಷ್ಟು ಊದಿಕೊಂಡಿರುತ್ತವೆ. ಉಣ್ಣಿ ಜ್ವರ ಬಂದರೆ ಮೊದಲು ಊಟ ಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ. ಮಾವ ಇರುವುದು ಹಾಸನದಲ್ಲಿ, ತೋಟ ನೋಡಿಕೊಳ್ಳುವವರಿಗೆ ನೂರೆಂಟು ಕೆಲಸ. ಒಸಡು ಯಾರು ನೋಡುತ್ತಾರೆ ಹೇಳಿ?

ಎಲ್ಲ ತೋಟವೂ ಹೀಗೇ ಅಂತಲ್ಲ. ಮುಧೋಳದಂಥ ಓಡುವ ನಾಯಿಗೆ, ಮನೆಯವರು ಅಲ್ಲೇ ವಾಸ ಇದ್ದು ಬೇಲಿ ಗಟ್ಟಿಯಾಗಿದ್ದರೆ, ಬೆಂಗಳೂರಿನ ಎರಡು ಬೆಡ್‌ರೂಮಿಗಿಂತ ಅದೇ ಎಷ್ಟೋ ವಾಸಿ. ಆದರೆ ಜಾಗ ನೋಡಿ ಮನೆ ಆರಿಸಬೇಡಿ. ಈಗಿನ ದಿನಚರಿಗೆ ಯಾವ ಮನೆ ಹತ್ತಿರವೋ ಅದನ್ನು ನೋಡಿ. ಹಗಲೆಲ್ಲ ಜನ ಇರುವ ಮನೆಯಲ್ಲಿ ಬೆಳೆದಿದೆಯಾ? ಹಾಗಾದರೆ ಇಬ್ಬರೂ ಆಫೀಸಿಗೆ ಹೋಗುವ ದೊಡ್ಡ ಬಂಗಲೆಗಿಂತ, ಅಜ್ಜ-ಅಜ್ಜಿ ಇರುವ ಚಿಕ್ಕ ಮನೆ ಮೇಲು.

ಜಾಹೀರಾತು ಬರೆಯುವಾಗ ಜನ ಮದುವೆ ದಲ್ಲಾಳಿಗಳಾಗಿಬಿಡುತ್ತಾರೆ. “ತುಂಬಾ ಫ್ರೆಂಡ್ಲಿ, ತುಂಬಾ ಸಾಧು, ಮಕ್ಕಳೆಂದರೆ ಪ್ರಾಣ.” ಇದನ್ನು ನೋಡಿ ಬರುವವರು ನೂರು ಜನ, ಉಳಿಯುವವರು ಯಾರೂ ಇಲ್ಲ. ನಾನಾದರೆ ಹೀಗೆ ಬರೆಸುತ್ತೇನೆ: “ಏಳು ವರ್ಷದ ಹೆಣ್ಣು ಲ್ಯಾಬ್. ಮರಿಯಾಗದ ಆಪರೇಷನ್ ಆಗಿದೆ. ಕುಕ್ಕರ್ ಕೂಗಿದರೆ ಮಂಚದ ಕೆಳಗೆ ಹೋಗುತ್ತಾಳೆ. ದೀಪಾವಳಿಯಲ್ಲಿ ಯಾರಾದರೂ ಜೊತೆಗಿರಲೇಬೇಕು. ಮೊಸರನ್ನ ಇಷ್ಟ, ವಾರಕ್ಕೆರಡು ಸಲ ಮೊಟ್ಟೆ ಬೇಕು. ಬೇರೆ ನಾಯಿಗಳ ಜೊತೆ ಊಟ ಹಂಚಿಕೊಳ್ಳುವುದಿಲ್ಲ. ಕನ್ನಡ ಮಾತ್ರ ಗೊತ್ತು.” ಇಷ್ಟು ಓದಿಯೂ ಫೋನ್ ಮಾಡುತ್ತಾರಲ್ಲ, ಅವರ ಜೊತೆ ಮಾತಾಡಿ.

ಮರಿಯಾಗದ ಆಪರೇಷನ್ ವಿಷಯ ಸುಮ್ನೆ ಸೇರಿಸಿದ್ದಲ್ಲ. ಜಾತಿ ನಾಯಿ, ಅದೂ ಹೆಣ್ಣು, ಫ್ರೀ ಅಂದರೆ ಮೊದಲು ಫೋನ್ ಮಾಡುವವರಲ್ಲಿ ಮರಿ ಮಾರುವವರೂ ಇರುತ್ತಾರೆ. ಮಾತು ಸಿಹಿ, ಕಾರೂ ಚೆನ್ನಾಗಿರುತ್ತದೆ. ಕೊಡುವ ಮೊದಲೇ ಆಪರೇಷನ್ ಮಾಡಿಸಿಬಿಡಿ, ಅವರು ತಾವಾಗೇ ಮಾಯವಾಗುತ್ತಾರೆ.

ಮನೆ ನೋಡಲು ಹೋದಾಗ ಫೋನ್ ಮಾಡಿದ ಹುಡುಗನ ಹತ್ತಿರ ಮಾತು ಕಡಿಮೆ ಮಾಡಿ, ಅಡುಗೆ ಮನೆಯಲ್ಲಿರುವವರನ್ನು ಮಾತಾಡಿಸಿ. ನಾಯಿ ಬೇಕು ಅನ್ನುವವನು ಒಬ್ಬ, ತಟ್ಟೆಗೆ ಅನ್ನ ಹಾಕುವವರು ಇನ್ನೊಬ್ಬರು. ನಮ್ಮ ಮನೆಗಳಲ್ಲಿ ಇದು ಮಾಮೂಲಿ ಅಲ್ವಾ? “ಅಮ್ಮಾ, ಮೊಟ್ಟೆ ಬೇಯಿಸೋಕೆ ನಿಮ್ಮಲ್ಲಿ ಆಗುತ್ತಾ? ಒಳಗೆ ಎಲ್ಲಿಯವರೆಗೆ ಬಿಡ್ತೀರಿ?” ಅಂತ ನೇರವಾಗಿ ಕೇಳಿ. ಅವರು ಮಗನ ಮುಖ ನೋಡಿದರೆ ಉತ್ತರ ಸಿಕ್ಕಿತು.

ಮನೆ ಗೊತ್ತಾದ ಮೇಲೆ ಎರಡು ವಾರದ ಮಟ್ಟಿಗೆ ಅಂತ ಕೊಡಿ, ಸರಿಹೋಗದಿದ್ದರೆ ವಾಪಸ್ ತರುತ್ತೇವೆ ಅಂತ ಮೊದಲೇ ಮಾತಾಡಿ. ಅದು ಮಲಗುತ್ತಿದ್ದ ಹಳೇ ಬೆಡ್‌ಶೀಟ್ ಒಗೆಯದೇ ಕಳಿಸಿ. ಲಸಿಕೆ ಪುಸ್ತಕ, ಈಗ ತಿನ್ನುತ್ತಿರುವ ಊಟ, ಔಷಧಿ ಇದ್ದರೆ ಅದು, ಕಲಿತಿರುವ ಮಾತುಗಳ ಒಂದು ಚೀಟಿ. ಕೊರಳ ಪಟ್ಟಿಯಲ್ಲಿ ಎರಡೂ ಮನೆಯ ಫೋನ್ ನಂಬರ್ ಇರಲಿ, ಯಾಕೆಂದರೆ ಮೊದಲ ದಿನಗಳಲ್ಲಿ ಗೇಟು ಸ್ವಲ್ಪ ತೆರೆದಿದ್ದರೂ ನಾಯಿ ಹಳೇ ಮನೆ ಹುಡುಕಿಕೊಂಡು ಓಡುತ್ತದೆ. ಮಾರನೇ ದಿನವೇ ನೋಡಲು ಹೋಗಬೇಡಿ. ವಿಡಿಯೊ ತರಿಸಿಕೊಳ್ಳಿ. ಎರಡು ದಿನ ಊಟ ಮಾಡದಿದ್ದರೆ ಗಾಬರಿ ಬೇಡ, ನೀರು ಕುಡಿಯುತ್ತಿದೆಯಾ ಕೇಳಿ. ಅದೂ ಇಲ್ಲ ಅಂದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲಿ.

ಯಾರೂ ಸಿಗದಿದ್ದರೆ? ಶೆಲ್ಟರ್‌ನಲ್ಲಿ ಬಿಡೋಣ ಅನ್ನುತ್ತಾರೆ. ಅಲ್ಲಿರುವ ಜಾಗ ಗಾಡಿಗೆ ಸಿಕ್ಕಿ ಕಾಲು ಮುರಿದುಕೊಂಡ ನಾಯಿಗಳಿಗೇ ಸಾಲದು. ಇನ್ನು ಕೆಲವರು ಏನೂ ಹೇಳುವುದಿಲ್ಲ, ರಾತ್ರಿ ರಿಂಗ್ ರೋಡಿನಲ್ಲಿ ಕಾರಿನ ಬಾಗಿಲು ತೆಗೆಯುತ್ತಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಹಾಗೆ ಬಿಟ್ಟುಹೋಗುವುದೂ ಅಪರಾಧವೇ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲದ ದುಡ್ಡು, ಯಾರು ಹೆದರುತ್ತಾರೆ? ಆ ಏರಿಯಾದ ನಾಯಿಗಳು ಮಾತ್ರ ಹೊಸಬನನ್ನು ಸುಮ್ಮನೆ ಬಿಡುವುದಿಲ್ಲ.

ಹಾಗಾಗಿ ಸಿಗುವ ತನಕ ನಾಯಿ ನಿಮ್ಮಲ್ಲೇ ಇರಬೇಕು. ಮರಿಗೆ ಬೇಗ ಮನೆ ಸಿಗುತ್ತದೆ, ಏಳೆಂಟು ವರ್ಷದ ನಾಯಿಗೆ ತಿಂಗಳುಗಟ್ಟಲೆ ಬೇಕು. ಮೊದಲು ನೆಂಟರು, ಪಕ್ಕದ ಮನೆಯವರು, ದಿನಾ ವಾಕಿಂಗ್‌ನಲ್ಲಿ ಅದರ ತಲೆ ಸವರುವ ಅಂಕಲ್, ಹೀಗೆ ನಾಯಿಯನ್ನು ಆಗಲೇ ಬಲ್ಲವರನ್ನು ಕೇಳಿ. ಅವರಲ್ಲಿ ಯಾರೂ ಆಗಲ್ಲ ಅಂದರೆ ಮೇಲಿನ ಥರದ ಜಾಹೀರಾತು ಬರೆದು ನನಗೆ ಕಳಿಸಿ. ನಾಲ್ಕು ಜನಕ್ಕೆ ಹಂಚುತ್ತೇನೆ, ಮನೆ ನೋಡಲು ಹೋಗುವಾಗ ಬೇಕಾದರೆ ಜೊತೆಗೂ ಬರುತ್ತೇನೆ.