ಇದನ್ಯಾಕ ಓಡಸ್ತೀಯಪಾ?

ಶನಿವಾರ ರಾತ್ರಿ ಊಟ ಮುಗಿಸಿ ಮನೆಮಂದಿಯೆಲ್ಲಾ ಟಿವಿ ಮುಂದೆ ಕೂತಿದ್ದೆವು. ಸಿನಿಮಾ ಅರ್ಧಕ್ಕೆ ಬಂದಿತ್ತು. ನಾಯಕಿಯನ್ನು ಗೂಂಡಾಗಳು ಕೂದಲು ಹಿಡಿದು ಎಳೆದುಕೊಂಡು ಹೋದರು. ಹೊಡೆದರು, ಸೀರೆ ಹರಿದರು. ತುಂಬಾ ಹೊತ್ತು ನಡೆಯಿತು ಆ ದೃಶ್ಯ. ನಮ್ಮಲ್ಲಿ ಯಾರೂ ಮಿಸುಕಾಡಲಿಲ್ಲ. ಆಮೇಲೆ ಸ್ವಲ್ಪ ಹೊತ್ತಿಗೆ ಅದೇ ಹುಡುಗಿ ತಾನು ಮೆಚ್ಚಿದವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರ ಎಳೆದುಕೊಂಡಳು. ನನ್ನ ಗಂಡ ತಟ್ಟನೆ ರಿಮೋಟ್ ಒತ್ತಿ ಮುಂದಕ್ಕೆ ಓಡಿಸಿದರು.

"ಹೊಡದು ಬಡದು ಎಳಕೊಂಡು ಹೋಗೂದನ್ನ ಪೂರಾ ತೋರಿಸಿದಿ. ಇವರು ಪ್ರೀತಿಲೆ ಇದ್ದಾರ, ಇದನ್ಯಾಕ ಓಡಸ್ತೀಯಪಾ?"

ಕೇಳಿದ್ದು ನಮ್ಮ ಅತ್ತೆ. ಧಾರವಾಡದಿಂದ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಎಷ್ಟೋ ವರ್ಷವಾದರೂ ಮಾತು ಅಲ್ಲಿಯದೇ.

"ಅವ್ವಾ, ಹುಡುಗಿ ಕೂತಾಳ."

"ಆಗೂ ಕೂತಿದ್ಲಲ್ಲ?"

ಮಗಳು ಮೊಬೈಲ್‌ನಿಂದ ತಲೆ ಎತ್ತಿ ಅಜ್ಜಿಯನ್ನೇ ನೋಡಿದಳು. ನನ್ನ ಗಂಡನ ಹತ್ತಿರ ಉತ್ತರ ಇರಲಿಲ್ಲ.

ಸೋಮವಾರ ಲೋಕಲ್‌ನಲ್ಲಿ ನಿಂತಾಗಲೂ ನನಗೆ ಅದೇ ಮಾತು. ಆಗೂ ಕೂತಿದ್ಲಲ್ಲ? ನನ್ನ ಗಂಡ ಒಳ್ಳೆಯ ಮನುಷ್ಯ. ಆದರೆ ಎಲ್ಲಿ ಮುಜುಗರ ಪಡಬೇಕು ಅನ್ನೋದನ್ನು ಅವರಿಗೆ ಯಾರೋ ತಪ್ಪಾಗಿ ಕಲಿಸಿಬಿಟ್ಟಿದ್ದಾರೆ. ಅವರಿಗಷ್ಟೇ ಅಲ್ಲ, ನಮಗೆಲ್ಲರಿಗೂ. ನಾನು ಹೈಸ್ಕೂಲಿನಲ್ಲಿದ್ದಾಗ ನೋಡಿದ ಸಿನಿಮಾಗಳಲ್ಲಿ ನಾಯಕ ಹುಡುಗಿಯ ಹಿಂದೆ ಬೀಳುತ್ತಿದ್ದ, ದಾರಿಗೆ ಅಡ್ಡ ನಿಲ್ಲುತ್ತಿದ್ದ, ಸೆರಗು ಎಳೆಯುತ್ತಿದ್ದ. ಅವಳು ಬೇಡ ಅಂದಷ್ಟೂ ಟಾಕೀಸಿನಲ್ಲಿ ಶಿಳ್ಳೆ. ಅವಳು ಒಪ್ಪಿಕೊಂಡ ಮೇಲೆ ಮಾತ್ರ ಕ್ಯಾಮೆರಾಕ್ಕೆ ನಾಚಿಕೆ ಬಂದು ಎರಡು ಹೂವಿನ ಕಡೆ ತಿರುಗುತ್ತಿತ್ತು. ಬೇಡ ಅಂದದ್ದನ್ನು ಕಣ್ತುಂಬ ತೋರಿಸಿದರು, ಬೇಕು ಅಂದದ್ದನ್ನು ಮುಚ್ಚಿಟ್ಟರು. ಅದನ್ನೇ ಪ್ರೀತಿ ಅಂತ ನೋಡುತ್ತಾ ಬೆಳೆದೆವು ನಾವು.

ನಮ್ಮ ಸಿನಿಮಾ ಮೊದಲಿನಿಂದ ಹೀಗೇ ಇತ್ತು ಅನ್ನುವವರಿಗೆ 1933ರ 'ಕರ್ಮ' ನೆನಪಿಸಬೇಕು. ದೇವಿಕಾ ರಾಣಿ ಮತ್ತು ಹಿಮಾಂಶು ರಾಯ್, ನಿಜ ಜೀವನದಲ್ಲೂ ಗಂಡ ಹೆಂಡತಿ, ಅದರಲ್ಲಿ ತೆರೆಯ ಮೇಲೆ ಮುತ್ತು ಕೊಟ್ಟಿದ್ದರು. ಮುಂದೆ ಅವರೇ ಮಲಾಡಿನಲ್ಲಿ ಬಾಂಬೆ ಟಾಕೀಸ್ ಸ್ಟುಡಿಯೋ ಕಟ್ಟಿದರು. ಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ದೇವಿಕಾ ರಾಣಿಗೇ ಬಂತು. ಕೊನೆಗಾಲದಲ್ಲಿ ಅವರು ಬಾಳಿದ್ದು ನಮ್ಮ ಬೆಂಗಳೂರಿನಲ್ಲೇ. 'ಕರ್ಮ' ಬಂದು 90 ವರ್ಷ ಕಳೆದ ಮೇಲೆ, 2025ರಲ್ಲಿ, 'ಸೂಪರ್‌ಮ್ಯಾನ್' ಸಿನಿಮಾದಲ್ಲಿ ಪ್ರೀತಿಸುವ ಇಬ್ಬರ 33 ಸೆಕೆಂಡಿನ ಮುತ್ತಿಗೆ ಸೆನ್ಸಾರ್ ಮಂಡಳಿ ಕತ್ತರಿ ಹಾಕಿಸಿತು. ಕಟ್ಟಡಗಳು ಕುಸಿಯುವುದು, ಗುದ್ದಾಟ ಎಲ್ಲಾ ಉಳಿಯಿತು. ಮಂಡಳಿಯೂ ನಮ್ಮ ಮನೆಯ ರಿಮೋಟಿನ ಲೆಕ್ಕವನ್ನೇ ಹಾಕಿದೆ ಅಲ್ವಾ?

ಹಾಗಂತ ಎಲ್ಲವನ್ನೂ ಬಿಚ್ಚಿ ತೋರಿಸಿ ಅಂತ ನಾನು ಹೇಳುತ್ತಿಲ್ಲ. ಈಗಿನ ಕೆಲವು ವೆಬ್ ಸರಣಿಗಳಲ್ಲಿ ಸುಮ್ನೆ ಜನ ನೋಡಲಿ ಅಂತ ತುರುಕಿದ ದೃಶ್ಯಗಳಿರುತ್ತವೆ. ನಟಿಯ ಮೈ ಕಾಣುತ್ತೆ, ಮುಖವೇ ಕಾಣಲ್ಲ. ಅಂಥದ್ದು ನನಗೆ ಹೇಸಿಗೆ. ಆ ಹುಡುಗಿಗೆ ಅದು ಇಷ್ಟವಿತ್ತಾ ಅಂತ ಯಾರಾದರೂ ಕೇಳಿದರಾ?

ನಮ್ಮ ಕೆಳಗಿನ ಮನೆಯ ಹುಡುಗಿ ಗೋರೆಗಾಂವ್ ಕಡೆ ಶೂಟಿಂಗ್‌ಗಳಲ್ಲಿ ಕಾಸ್ಟ್ಯೂಮ್ ಕೆಲಸ ಮಾಡುತ್ತಾಳೆ. ಮಂಗಳವಾರ ಸಂಜೆ ಲಿಫ್ಟ್ ಹತ್ತಿರ ಸಿಕ್ಕಾಗ ಇಂಥ ಪ್ರೀತಿಯ ದೃಶ್ಯಗಳನ್ನು ಹೇಗೆ ಶೂಟ್ ಮಾಡ್ತಾರೆ ಅಂತ ಕೇಳಿದೆ. "ಸರಿಯಾಗಿ ಮಾಡುವ ಕಡೆ ಡ್ಯಾನ್ಸ್ ಥರಾನೇ ಆಂಟಿ. ಕೈ ಎಲ್ಲಿಡಬೇಕು, ಎಷ್ಟು ಹೊತ್ತು, ಎಲ್ಲಾ ಮೊದಲೇ ರಿಹರ್ಸಲ್" ಅಂದಳು. ನಟರ ಮೈ ಮುಚ್ಚಲು ಮೈಬಣ್ಣದ ಪಟ್ಟಿಗಳನ್ನು ಟೇಪ್ ಹಾಕಿ ಅಂಟಿಸುತ್ತಾರಂತೆ. ಇಬ್ಬರ ನಡುವೆ ತೆಳ್ಳನೆಯ ದಿಂಬು ಇರುತ್ತಂತೆ. ಸೆಟ್‌ನಲ್ಲಿ ಬೇಕಾದ ನಾಲ್ಕೈದು ಜನ ಬಿಟ್ಟು ಉಳಿದವರೆಲ್ಲ ಹೊರಗೆ. ಇದನ್ನೆಲ್ಲ ನೋಡಿಕೊಳ್ಳುವವರೇ ಇಂಟಿಮೆಸಿ ಕೋಆರ್ಡಿನೇಟರ್. ನಟಿ ಆ ಕ್ಷಣದಲ್ಲಿ ಬೇಡ ಅಂದರೆ ಶಾಟ್ ನಿಲ್ಲುತ್ತೆ. ಅಮೆರಿಕದ ಟಿವಿ ಚಾನೆಲ್ ಎಚ್‌ಬಿಒ 2018ರಲ್ಲೇ ತನ್ನ ಸರಣಿಗಳಿಗೆ ಇವರನ್ನು ಇಟ್ಟುಕೊಳ್ಳಲು ಶುರುಮಾಡಿತು. ಮುಂಬೈಯಲ್ಲೂ ಈಗ ಈ ಕೆಲಸ ಕಲಿತವರಿದ್ದಾರೆ.

"ಹಾಗಾದರೆ ಎಲ್ಲಾ ಕಡೆ ಇರ್ತಾರಾ?" ಅಂದೆ.

"ಎಲ್ಲಿ ಆಂಟಿ! ಬಜೆಟ್ ಇಲ್ಲ ಅಂತಾರೆ."

ಫೈಟ್ ಮಾಸ್ಟರ್‌ಗೆ ಬಜೆಟ್ ಇರುತ್ತೆ. ಒಂದು ಕಪಾಳಮೋಕ್ಷ ತೆಗೆಯುವಾಗಲೂ ಯಾರಿಗೂ ಪೆಟ್ಟಾಗದ ಹಾಗೆ ಅಳತೆ ಹಾಕಿ ಹೇಳಿಕೊಡುವವರು ಇರುತ್ತಾರೆ. ಇರಲೇಬೇಕು. ಅಪ್ಪಿಕೊಳ್ಳುವ ದೃಶ್ಯಕ್ಕೆ ಮಾತ್ರ "ನೀವೇ ಅಡ್ಜಸ್ಟ್ ಮಾಡ್ಕೊಳ್ಳಿ". ಮುಂದಿನ ವಾರ ಈ ಹುಡುಗಿ ಹೋಗುವ ಶೂಟಿಂಗ್‌ನಲ್ಲೂ ಕೋಆರ್ಡಿನೇಟರ್ ಇಲ್ಲವಂತೆ. ನಟಿ ಹೊಸಬಳು. ಕಟ್ ಅಂದ ಕೂಡಲೇ ಹೊದಿಸಲು ದುಪಟ್ಟಾ ಹಿಡಿದು ತಾನೇ ಪಕ್ಕದಲ್ಲಿ ನಿಲ್ಲುತ್ತೇನೆ ಅಂದಳು. ಇವಳ ಕೆಲಸ ಬಟ್ಟೆ ಇಸ್ತ್ರಿ ಮಾಡಿ ಲೆಕ್ಕ ಇಡೋದು. ನಿರ್ದೇಶಕರಿಗೆ ಎದುರು ಮಾತಾಡಿ ಶಾಟ್ ನಿಲ್ಲಿಸುವ ಅಧಿಕಾರ ಇವಳಿಗಿಲ್ಲ. ಆ ಅಧಿಕಾರ ಇರುವ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲಿ. ಅದಕ್ಕೂ ದುಡ್ಡಿಲ್ಲ ಅನ್ನುವವರು ಆ ದೃಶ್ಯವನ್ನು ಶೂಟ್ ಮಾಡೋದೇ ಬೇಡ.