ಸ್ನೂಕರ್ ಕ್ಯೂ (ಆಡೋ ಕೋಲು) ಮಾರ್ತಾ ಇದ್ದೀನಿ, ಆಡೋರು ಮಾತ್ರ ಕೇಳಿ

ಥಾಯ್ಲೆಂಡ್‌ನಲ್ಲಿ ಹೇಳಿ ಮಾಡಿಸಿದ ಸ್ನೂಕರ್ ಕ್ಯೂ, ಆರ್ಡರ್ ಕೊಟ್ಟು ತಿಂಗಳುಗಟ್ಟಲೆ ಕಾದು ತರಿಸಿದ್ದು. ಮುಂದಿನ ಉದ್ದ ಭಾಗ ಅಂದ್ರೆ ಶಾಫ್ಟ್ ಆಷ್ ಮರದ್ದು, ಹಿಡಿ ಕಡೆಯ ಬಟ್ ಎಬೊನಿ ಮರದ್ದು, 58 ಇಂಚು, 18 ಔನ್ಸ್, ಚೆಂಡಿಗೆ ತಾಗೋ ಟಿಪ್ 9.5 ಮಿ.ಮೀ. ಕರಿ ಎಬೊನಿ ನಾಲ್ಕು ಕಡೆಯಿಂದ ಚೂಪಾಗಿ ಬಿಳಿ ಆಷ್ ಒಳಗೆ ಹೋಗಿ ಸೇರೋ ಜಾಗ ಇದ್ಯಲ್ಲ, ಅದನ್ನ ಕೈಯಲ್ಲೇ ಉಜ್ಜಿ ಉಜ್ಜಿ ಕೂರಿಸಿದಾರೆ, ಬೆರಳಾಡಿಸಿದ್ರೆ ಎಲ್ಲಿ ಒಂದು ಮರ ಮುಗೀತು ಎಲ್ಲಿ ಇನ್ನೊಂದು ಶುರುವಾಯ್ತು ಗೊತ್ತೇ ಆಗಲ್ಲ. ಶಾಟ್‌ಗೆ ಬಗ್ಗಿದಾಗ ಆಷ್ ಗೆರೆಗಳು ಬಾಣದ ಥರ ಸೀದಾ ಟಿಪ್ ಕಡೆ ಓಡ್ತವೆ, ಅದು ನಂಗೆ ತುಂಬಾ ಇಷ್ಟ.

ಈಗ ಕೆಲಸದ ಶಿಫ್ಟ್ ಬದಲಾಗಿ ಟೇಬಲ್ ಹತ್ರ ಹೋಗೋಕೇ ಆಗ್ತಿಲ್ಲ, ಇಂಥಾ ಕ್ಯೂ ಕೇಸ್ ಒಳಗೆ ಸುಮ್ನೆ ಬಿದ್ದಿರೋದು ನೋಡೋಕಾಗಲ್ಲ. ನನ್ನ ಅಳತೆಗೆ ಮಾಡಿಸಿದ್ದು ಅಂತ ರೇಟ್ ಇಳಿಯುತ್ತೆ, ಇಳೀಲಿ, ಆದ್ರೆ ಇದರ ಕೆಲಸ ಒಂದು ಚೂರೂ ಕಮ್ಮಿ ಆಗಿಲ್ಲ. ಬಿಲಿಯರ್ಡ್ಸ್-ಸ್ನೂಕರ್ ವಿಶ್ವ ಚಾಂಪಿಯನ್ ಪಂಕಜ್ ಅಡ್ವಾಣಿ ಆಡಿ ಬೆಳೆದ ಬೆಂಗಳೂರಲ್ಲಿ ಒಳ್ಳೆ ಕೈ ಸಿಗದೆ ಇರಲ್ಲ ಅನ್ನೋ ನಂಬಿಕೆ ನಂದು. ನಿಮ್ಮ ಹೈಟ್ ಎಷ್ಟು ಅಂತ ಮೆಸೇಜ್ ಮಾಡಿ, ಬಂದು ಒಂದು ಫ್ರೇಮ್ (ಒಂದು ಆಟ) ಆಡಿ, ಆಮೇಲೆ ದುಡ್ಡಿನ ಮಾತು.