ಕೆರೆ ಅಂದ್ಕೊಂಡು ನಿಂತಿದ್ವಿ

ಲಾಂಗ್ ವೀಕೆಂಡು ಅಂತ ಟೊರೊಂಟೊದಿಂದ ಎಲಿಯಟ್ ಲೇಕ್ ಅನ್ನೋ ಊರಿನ ಕಡೆ ಹೋಗಿದ್ವಿ, ಎಲೆ ಕೆಂಪಾಗೋದು ನೋಡಕ್ಕೆ. ಊರು ದಾಟಿ ಸ್ವಲ್ಪ ದೂರ ಹೋದ್ರೆ ಬಲಗಡೆ ನೀಲಿ ನೀರು, ಆಹಾ ಅಂತ ಕಾರ್ ನಿಲ್ಸಿ ಫ್ಲಾಸ್ಕಿಂದ ಕಾಫಿ ಬಗ್ಗಿಸ್ಕೊಂಡು ತಿರುಗಿದ್ರೆ ಪಕ್ಕದಲ್ಲೇ ತಂತಿಬೇಲಿ, ಅದ್ರ ಮೇಲೊಂದು ಬೋರ್ಡು. ಕೆರೆ ಅಲ್ವಂತೆ ಅದು, ಯುರೇನಿಯಂ ಗಣಿ ಕಸದ ಮೇಲೆ ನಿಲ್ಸಿರೋ ನೀರು!

1950ರ ದಶಕದಲ್ಲಿ ಶುರುವಾದ ಗಣಿಗಳು, ಕೊನೇದು ಮುಚ್ಚಿದ್ದು 1996ರಲ್ಲಿ. ಅದಿರು ಅರೆದು ಯುರೇನಿಯಂ ತಗೊಂಡ್ಮೇಲೆ ಉಳಿಯೋ ಹಿಟ್ಟಿನಂಥ ಪುಡೀಲಿ ಪೈರೈಟ್ ಅನ್ನೋ ಕಬ್ಬಿಣ-ಗಂಧಕದ ಖನಿಜ ಇರತ್ತೆ, ಅದಕ್ಕೆ ಗಾಳಿ ನೀರು ಎರಡೂ ಸಿಕ್ರೆ ಸಲ್ಫ್ಯೂರಿಕ್ ಆಸಿಡ್ ಆಗತ್ತೆ, ಆ ಆಸಿಡ್ಡು ಲೋಹಗಳನ್ನೆಲ್ಲ ಕರಗಿಸ್ಕೊಂಡು ಕೆರೆಯಿಂದ ಕೆರೆಗೆ ಇಳೀತಾ ಸರ್ಪೆಂಟ್ ನದಿ ಸೇರ್ತಿತ್ತು, ಆ ನದಿ ಹೋಗಿ ಬೀಳೋದು ಹ್ಯೂರಾನ್ ಸರೋವರಕ್ಕೆ. ನದಿ ಸರೋವರ ಸೇರೋ ಜಾಗದಲ್ಲಿ ತಲತಲಾಂತರದಿಂದ ಇರೋರು ಅಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಜನ, ಮೀನು ಹಿಡ್ಕೊಂಡು ಬದುಕಿದೋರು. ಬಾಂಬಿಗೆ ಯುರೇನಿಯಂ ಬೇಕಾಗಿದ್ದ ಕಾಲ ಅದು, ಇವರನ್ನ ಯಾರ್ ಕೇಳ್ತಾರೆ.

ಈಗ ಗಾಳಿ ತಾಗದೇ ಇರ್ಲಿ ಅಂತ ಕಸದ ಮೇಲೆ ನೀರು ನಿಲ್ಸಿದಾರೆ, ಹೊರಗೆ ಬಿಡೋ ನೀರಿಗೆ ಬೇರಿಯಂ ಕ್ಲೋರೈಡ್ ಹಾಕಿ ಅದ್ರಲ್ಲಿರೋ ರೇಡಿಯಂ ಅನ್ನೋ ವಿಕಿರಣ ಸೂಸೋ ಲೋಹಾನ ತಳಕ್ಕೆ ಕೂರಿಸ್ತಾರೆ. ರೇಡಿಯಂ-226 ಅರ್ಧಕ್ಕೆ ಇಳಿಯಕ್ಕೇ 1600 ವರ್ಷ ಬೇಕು. ಹಿಂದಕ್ಕೆ ಎಣಿಸಿದ್ರೆ ಹೆಚ್ಚೂಕಮ್ಮಿ ನಮ್ಮ ಹಲ್ಮಿಡಿ ಶಾಸನದ ಕಾಲ. ಮುಂದಕ್ಕೂ ಅಷ್ಟು ವರ್ಷ ಆ ನೀರು ತಡೆದಿರೋ ಒಡ್ಡು ಸೋರದಂಗೆ ಯಾರೋ ಕಾಯ್ತಾ ಇರ್ಬೇಕು, ಸಂಬಳ ಯಾರು ಕೊಡ್ತಾರೋ.

ನೀರಲ್ಲಿ ಒಂದು ಜೋಡಿ ಬಾತುಕೋಳಿ ಆರಾಮಾಗಿ ತೇಲ್ತಿದ್ವು. ಮಗಳು, "ಅವಕ್ಕೆ ಬೋರ್ಡ್ ಓದಕ್ಕೆ ಬರಲ್ವಾಪ್ಪ" ಅಂದ್ಲು.